ಕಪ್ಪು ಪರದೆಯಲ್ಲಿ ಮೆಮೊರಿ ಲೆಕ್ಕ: ಎಷ್ಟಿದೆ, ಎಷ್ಟು ಉಳಿದಿದೆ, ಯಾರು ತಿಂದರು?

ಒಂದು ರಾತ್ರಿ ನಾನು ನೋಡಿಕೊಳ್ಳುತ್ತಿದ್ದ ಸರ್ವರ್ ಆಮೆಯಂತೆ ತೆವಳುತ್ತಿತ್ತು. ಟರ್ಮಿನಲ್ ತೆರೆದು ಮೆಮೊರಿ ನೋಡಿದೆ. 16 ಜಿಬಿ ಇರುವ ಮೆಷಿನ್ನಿನಲ್ಲಿ "ಫ್ರೀ" ಅನ್ನುವ ಕಾಲಮ್ಮಿನ ಕೆಳಗೆ 200 ಎಂಬಿ ಚಿಲ್ಲರೆ ಮಾತ್ರ. ಎದೆ ಧಸಕ್ಕೆಂದಿತು. ಮೆಮೊರಿ ಖಾಲಿಯಾಗಿದೆ ಅಂದುಕೊಂಡು ಡೇಟಾಬೇಸನ್ನು ರೀಸ್ಟಾರ್ಟ್ ಮಾಡಿಬಿಟ್ಟೆ. ಡೇಟಾಬೇಸ್ ತಾನು ಮೆಮೊರಿಯಲ್ಲಿ ಜೋಡಿಸಿಟ್ಟುಕೊಂಡಿದ್ದನ್ನೆಲ್ಲ ಕಳೆದುಕೊಂಡು, ಮೊದಲಿಗಿಂತ ನಿಧಾನವಾಯಿತು. ಅಸಲಿಗೆ ಆಗಿದ್ದೇನೆಂದರೆ, ಹಿನ್ನೆಲೆಯಲ್ಲಿ ಬ್ಯಾಕಪ್ ಓಡುತ್ತಿತ್ತು. ಡಿಸ್ಕನ್ನು ಉಸಿರಾಡಲು ಬಿಡದೆ ಓದುತ್ತಿದ್ದುದೂ ಅದೇ, ಹಾಗೆ ಓದಿದ ಫೈಲುಗಳಿಂದ ಖಾಲಿ ಮೆಮೊರಿಯನ್ನು ತುಂಬಿಸಿದ್ದೂ ಅದೇ. ಮೆಮೊರಿಗೆ ಏನೂ ಆಗಿರಲಿಲ್ಲ. ನಾನು ತಪ್ಪು ಕಾಲಮ್ ಓದಿದ್ದೆ, ಅಷ್ಟೇ.

ಕಮಾಂಡ್ ಟೈಪ್ ಮಾಡುವುದು ಎರಡು ಸೆಕೆಂಡಿನ ಕೆಲಸ. ಬಂದ ಅಂಕಿಗಳಲ್ಲಿ ಯಾವುದನ್ನು ನಂಬಬೇಕು ಅನ್ನುವುದೇ ಕಷ್ಟ. ಈ ಬರಹದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಶುರು ಮಾಡುವ ಮುಂಚೆ ಒಂದು ಮಾತು. ಇಲ್ಲಿ ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. ಗೊಂದಲ ಆಗಬಹುದಾದ ಕಡೆ ಅಕ್ಷರ ಬಿಡಿಸಿ ಹೇಳಿದ್ದೇನೆ. ಅಂಕಿ, ಅಡ್ಡಗೆರೆ, ಓರೆಗೆರೆಗಳು ಇದ್ದ ಹಾಗೇ ಇರಲಿ.

ಲಿನಕ್ಸ್: ಮೊದಲ ಹೆಜ್ಜೆ

ಟರ್ಮಿನಲ್ ತೆರೆಯಿರಿ. ಹೀಗೆ ಟೈಪ್ ಮಾಡಿ ಎಂಟರ್ ಒತ್ತಿ:

ಫ್ರೀ -ಎಚ್

ಎಫ್ ಆರ್ ಇ ಇ, ಒಂದು ಸ್ಪೇಸ್, ಅಡ್ಡಗೆರೆ, ಸಣ್ಣ ಎಚ್. ಈ ಎಚ್ ಹಾಕದಿದ್ದರೆ ಎಲ್ಲವೂ ಕೆಬಿಯಲ್ಲಿ ಬರುತ್ತದೆ. ಏಳೆಂಟು ಅಂಕಿಯ ಸಂಖ್ಯೆಗಳನ್ನು ಎಣಿಸುತ್ತಾ ಕೂರಬೇಕಾಗುತ್ತದೆ. ಎಚ್ ಹಾಕಿದರೆ ಜಿಬಿ, ಎಂಬಿ ಲೆಕ್ಕದಲ್ಲಿ ಓದುವಂತೆ ಕೊಡುತ್ತದೆ. ಎಂಬಿಯಲ್ಲೇ ಬೇಕಿದ್ದರೆ -ಎಂ ಹಾಕಿ.

ತೆರೆಯ ಮೇಲೆ ಎರಡು ಸಾಲು ಬರುತ್ತವೆ. ಮೇಲಿನದು ರ‍್ಯಾಮ್, ಕೆಳಗಿನದು ಸ್ವಾಪ್. ಸ್ವಾಪ್ ಅಂದರೆ ರ‍್ಯಾಮ್ ಸಾಲದಾದಾಗ ಬಳಸಲು ಡಿಸ್ಕಿನಲ್ಲಿ ಎತ್ತಿಟ್ಟ ಜಾಗ. ರ‍್ಯಾಮ್ ಸಾಲಿನಲ್ಲಿ ಆರು ಕಾಲಮ್: ಟೋಟಲ್, ಯೂಸ್ಡ್, ಫ್ರೀ, ಶೇರ್ಡ್, ಬಫ್/ಕ್ಯಾಶ್, ಅವೈಲಬಲ್. ಒಂದು 16 ಜಿಬಿ ಮೆಷಿನ್ನಿನಲ್ಲಿ ಬರಬಹುದಾದ ಅಂಕಿಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ:

ಟೋಟಲ್ 15 ಜಿಬಿ
ಯೂಸ್ಡ್ 5.1 ಜಿಬಿ
ಫ್ರೀ 640 ಎಂಬಿ
ಶೇರ್ಡ್ 410 ಎಂಬಿ
ಬಫ್/ಕ್ಯಾಶ್ 9.6 ಜಿಬಿ
ಅವೈಲಬಲ್ 9.4 ಜಿಬಿ

ಇಲ್ಲಿ ಎಷ್ಟು ಮೆಮೊರಿ ಉಳಿದಿದೆ? 640 ಎಂಬಿಯಾ, 9.4 ಜಿಬಿಯಾ? 9.4 ಜಿಬಿ. ಕಮಾಂಡಿನ ಹೆಸರೇ ಫ್ರೀ ಆಗಿರುವುದರಿಂದ ಕಣ್ಣು ತಾನಾಗಿಯೇ ಫ್ರೀ ಕಾಲಮ್ಮಿಗೆ ಹೋಗುತ್ತದೆ. ನೀವು ಓದಬೇಕಾದದ್ದು ಕೊನೆಯ ಕಾಲಮ್, ಅವೈಲಬಲ್.

ಫ್ರೀ ಬೇರೆ, ಅವೈಲಬಲ್ ಬೇರೆ

ಸದ್ಯಕ್ಕೆ ಯಾರೂ ಯಾವುದಕ್ಕೂ ಮುಟ್ಟದೆ ಸುಮ್ನೆ ಬಿದ್ದಿರುವ ಮೆಮೊರಿ ಫ್ರೀ. ಹೊಸ ಪ್ರೋಗ್ರಾಂ ಬಂದು ಕೇಳಿದರೆ, ಸ್ವಾಪಿಗೆ ಕೈ ಹಾಕದೆ ಎಷ್ಟು ಕೊಡಬಹುದು ಅನ್ನುವ ಅಂದಾಜು ಅವೈಲಬಲ್.

ಎರಡರ ನಡುವೆ ಇಷ್ಟೊಂದು ಅಂತರ ಯಾಕೆ? ಲಿನಕ್ಸಿಗೆ ಖಾಲಿ ಮೆಮೊರಿ ಕಂಡರೆ ಆಗುವುದಿಲ್ಲ. ಡಿಸ್ಕಿನಿಂದ ಒಂದು ಫೈಲ್ ಓದಿದರೆ ಅದರ ಪ್ರತಿಯನ್ನು ರ‍್ಯಾಮಿನಲ್ಲಿ ಇಟ್ಟುಕೊಳ್ಳುತ್ತದೆ. ಅದೇ ಫೈಲ್ ಮತ್ತೆ ಬೇಕಾದರೆ ಡಿಸ್ಕಿನ ತನಕ ಹೋಗಬೇಕಿಲ್ಲ. ಇದಕ್ಕೆ ಪೇಜ್ ಕ್ಯಾಶ್ ಅನ್ನುತ್ತಾರೆ. ಖಾಲಿ ಕುರ್ಚಿಯಲ್ಲಿ ಕೂತ ಸಂಭಾವಿತನಂತೆ ಈ ಕ್ಯಾಶ್. ನಿಜವಾಗಿ ಕುರ್ಚಿ ಬೇಕಾದವರು ಬಂದರೆ ತಕರಾರಿಲ್ಲದೆ ಎದ್ದು ಜಾಗ ಬಿಡುತ್ತಾನೆ. ಹಾಗಾಗಿ ಕುರ್ಚಿ ತುಂಬಿದೆ ಅಂತ ಹೆದರುವ ಕಾರಣವಿಲ್ಲ.

ಹಿಂದೆ ಈ ಲೆಕ್ಕವನ್ನು ನಾವೇ ಹಾಕಬೇಕಿತ್ತು. ಫ್ರೀಗೆ ಬಫರ್, ಕ್ಯಾಶ್ ಕೂಡಿಸಿ ಅಂದಾಜು ಮಾಡುತ್ತಿದ್ದೆವು. ಆ ಲೆಕ್ಕ ಸರಿಯಾಗಿಯೂ ಇರುತ್ತಿರಲಿಲ್ಲ. ಕ್ಯಾಶಿನಲ್ಲಿ ಕೂತವರೆಲ್ಲ ಎದ್ದು ಹೋಗುವವರಲ್ಲ. ಲಿನಕ್ಸಿನ ತಿರುಳಾದ ಪ್ರೋಗ್ರಾಮಿಗೆ ಕರ್ನಲ್ ಅನ್ನುತ್ತಾರೆ. 2014ರಲ್ಲಿ ಬಂದ ಕರ್ನಲ್ 3.14ರಿಂದ ಕರ್ನಲ್ಲೇ ಈ ಅಂದಾಜನ್ನು ಕೊಡತೊಡಗಿತು. ತೀರಾ ಹಳೆಯ ಮೆಷಿನ್ನಿನಲ್ಲಿ ಅವೈಲಬಲ್ ಕಾಲಮ್ಮೇ ಕಾಣದಿದ್ದರೆ, ಅದರ ಬದಲು "-/+ ಬಫರ್ಸ್/ಕ್ಯಾಶ್" ಅನ್ನುವ ಮಧ್ಯದ ಸಾಲು ಇರುತ್ತದೆ. ಅಲ್ಲಿ ಆ ಸಾಲಿನ ಫ್ರೀ ಅಂಕಿ ನೋಡಿ.

ಶೇರ್ಡ್ ಕಾಲಮ್ಮನ್ನು ಹೆಚ್ಚಿನವರು ಕಡೆಗಣಿಸುತ್ತಾರೆ. ಸಾಮಾನ್ಯವಾಗಿ ಸರಿಯೇ. ಆದರೆ ಅದು ಒಮ್ಮೆಲೇ ಹಲವು ಜಿಬಿಗೆ ಏರಿದ್ದರೆ ಎಚ್ಚರ. ಡಿಸ್ಕಿನ ಬದಲು ರ‍್ಯಾಮಿನಲ್ಲೇ ಬದುಕುವ ಫೈಲ್ ವ್ಯವಸ್ಥೆ ಒಂದಿದೆ, ಟಿಎಂಪಿಎಫ್‌ಎಸ್ ಅಂತ. ಯಾವುದೋ ಪ್ರೋಗ್ರಾಂ ಅಲ್ಲಿ ದೊಡ್ಡ ಫೈಲ್ ಬರೆದಿಟ್ಟು ಮರೆತರೆ, ಅದು ಕ್ಯಾಶಿನ ಲೆಕ್ಕಕ್ಕೆ ಸೇರುತ್ತದೆ. ಆದರೆ ಅದು ಎದ್ದು ಹೋಗುವ ಜಾತಿಯದಲ್ಲ, ಏಕೆಂದರೆ ಆ ಫೈಲಿಗೆ ಡಿಸ್ಕಿನಲ್ಲಿ ಬೇರೆ ಪ್ರತಿಯೇ ಇಲ್ಲ. ಬಫ್/ಕ್ಯಾಶ್ ದೊಡ್ಡದಿದ್ದೂ ಅವೈಲಬಲ್ ಚಿಕ್ಕದಿದೆ ಅಂದರೆ ಮೊದಲು ಇಲ್ಲೇ ಹುಡುಕಿ:

ಡಿಎಫ್ -ಎಚ್ -ಟಿ ಟಿಎಂಪಿಎಫ್‌ಎಸ್

ಇಲ್ಲಿ -ಎಚ್ ಮತ್ತು -ಟಿ ಎರಡೂ ಸಣ್ಣಕ್ಷರ. ಯಾವ ಟಿಎಂಪಿಎಫ್‌ಎಸ್ ಎಷ್ಟು ತುಂಬಿದೆ ಅಂತ ಕಾಣುತ್ತದೆ. ಬೇಡದ ಫೈಲ್ ಅಳಿಸಿದರೆ ಮೆಮೊರಿ ವಾಪಸ್.

ಇನ್ನೊಂದು ಸಣ್ಣ ಗೊಂದಲ. ಯೂಸ್ಡ್, ಫ್ರೀ, ಬಫ್/ಕ್ಯಾಶ್ ಕೂಡಿಸಿದರೆ ಕೆಲವೊಮ್ಮೆ ಟೋಟಲ್ ಬರುವುದಿಲ್ಲ. ನಿಮ್ಮ ಗಣಿತ ತಪ್ಪಿಲ್ಲ. ಯೂಸ್ಡ್ ಲೆಕ್ಕ ಹಾಕುವ ಸೂತ್ರ ಬದಲಾಗಿದೆ. ಹೊಸ ಆವೃತ್ತಿಗಳು ಟೋಟಲ್‌ನಿಂದ ಅವೈಲಬಲ್ ಕಳೆದು ಯೂಸ್ಡ್ ಅಂತ ತೋರಿಸುತ್ತವೆ.

"16 ಜಿಬಿ ಹಾಕಿದ್ದೇನೆ, 15 ತೋರಿಸುತ್ತಿದೆ, ಒಂದು ಎಲ್ಲಿ ಹೋಯಿತು?" ಅನ್ನುವ ಪ್ರಶ್ನೆಯೂ ಬರುತ್ತದೆ. ಕರ್ನಲ್ ತನಗಾಗಿ ಸ್ವಲ್ಪ ಇಟ್ಟುಕೊಳ್ಳುತ್ತದೆ. ಫರ್ಮ್‌ವೇರ್ ಸ್ವಲ್ಪ ಹಿಡಿಯುತ್ತದೆ. ಮದರ್‌ಬೋರ್ಡಿನ ಗ್ರಾಫಿಕ್ಸ್ ಆದರೆ ಅದೂ ರ‍್ಯಾಮಿನಿಂದಲೇ ಪಾಲು ತೆಗೆದುಕೊಳ್ಳುತ್ತದೆ. ಉಳಿದದ್ದು ಮಾತ್ರ ಟೋಟಲ್ ಅಂತ ಬರುತ್ತದೆ.

ಮೂಲ ಎಲ್ಲಿದೆ?

ಫ್ರೀ ಕಮಾಂಡ್ ತಾನಾಗಿ ಏನನ್ನೂ ಅಳೆಯುವುದಿಲ್ಲ. ಕರ್ನಲ್ ಒಂದು ಕಡತದಲ್ಲಿ ಬರೆದಿಟ್ಟದ್ದನ್ನು ಓದಿ ಚೆಂದ ಮಾಡಿ ತೋರಿಸುತ್ತದೆ. ಆ ಕಡತವನ್ನು ನೀವೂ ಓದಬಹುದು:

ಕ್ಯಾಟ್ /ಪ್ರಾಕ್/ಮೆಮ್‌ಇನ್ಫೋ

ಪಿ ಆರ್ ಒ ಸಿ, ಓರೆಗೆರೆ, ಎಂ ಇ ಎಂ ಐ ಎನ್ ಎಫ್ ಒ. ಐವತ್ತರ ಹತ್ತಿರ ಸಾಲುಗಳು ಬರುತ್ತವೆ. ಎಲ್ಲವೂ ಬೇಡ. ಬೇಕಾದ್ದನ್ನು ಮಾತ್ರ ಹೆಕ್ಕಲು:

ಗ್ರೆಪ್ ಮೆಮ್‌ಅವೈಲಬಲ್ /ಪ್ರಾಕ್/ಮೆಮ್‌ಇನ್ಫೋ

ಇಲ್ಲಿ ಮೆಮ್‌ನ ಎಂ ಮತ್ತು ಅವೈಲಬಲ್‌ನ ಎ ದೊಡ್ಡಕ್ಷರ, ನಡುವೆ ಸ್ಪೇಸ್ ಇಲ್ಲ. ಉತ್ತರ ಕೆಬಿಯಲ್ಲಿ ಬರುತ್ತದೆ. 98,56,000 ಕೆಬಿ ಅಂತ ಬಂದರೆ 1024ರಿಂದ ಎರಡು ಸಲ ಭಾಗಿಸಿ, 9.4 ಜಿಬಿ. ಸ್ಕ್ರಿಪ್ಟ್ ಬರೆಯುವವರಿಗೆ ನನ್ನ ಸಲಹೆ ಇದು: ಫ್ರೀ ಕಮಾಂಡಿನ ಕಾಲಮ್ಮುಗಳನ್ನು ಎಣಿಸಿ ಅಂಕಿ ತೆಗೆಯಬೇಡಿ, ಈ ಕಡತವನ್ನೇ ಓದಿ. ಫ್ರೀ ಕಾಲಮ್ಮುಗಳ ಜೋಡಣೆ ಒಮ್ಮೆ ಬದಲಾದಾಗ ಎಷ್ಟೋ ಹಳೆಯ ಸ್ಕ್ರಿಪ್ಟುಗಳು ಬೇರೆ ಕಾಲಮ್ಮಿನ ಅಂಕಿ ಓದತೊಡಗಿದವು.

ನಿಜವಾಗಿ ಕಷ್ಟದಲ್ಲಿದೆಯಾ?

ಅವೈಲಬಲ್ ಕಡಿಮೆ ಇದೆ ಅಂದ ಮಾತ್ರಕ್ಕೆ ತೊಂದರೆ ಇದೆ ಅಂತಲ್ಲ. ಸ್ವಾಪಿನಲ್ಲಿ ಸ್ವಲ್ಪ ತುಂಬಿದೆ ಅಂದರೂ ಅಲ್ಲ. ಮೆಮೊರಿಯನ್ನು ಹಂಚುವ ಸಣ್ಣ ತುಂಡುಗಳಿಗೆ ಪುಟ ಅನ್ನುತ್ತಾರೆ. ಎಂದೋ ತೆರೆದು ಮರೆತ ಪ್ರೋಗ್ರಾಮಿನ ಪುಟಗಳನ್ನು ಕರ್ನಲ್ ಸ್ವಾಪಿಗೆ ತಳ್ಳಿ ಹಾಯಾಗಿರಬಹುದು. ಸ್ವಾಪಿನಲ್ಲಿ ಎಷ್ಟಿದೆ ಅನ್ನುವುದಕ್ಕಿಂತ ಈಗ, ಈ ಕ್ಷಣ, ಓಡಾಟ ಎಷ್ಟಿದೆ ಅನ್ನುವುದು ಮುಖ್ಯ. ಅದನ್ನು ನೋಡುವ ಕಮಾಂಡ್:

ವಿಎಂಸ್ಟ್ಯಾಟ್ 1 10

ವಿ ಎಂ ಎಸ್ ಟಿ ಎ ಟಿ, ಒಟ್ಟಿಗೆ. ಸೆಕೆಂಡಿಗೊಂದರಂತೆ ಹತ್ತು ಸಾಲು ಬರುತ್ತವೆ. ಮೊದಲ ಸಾಲನ್ನು ಬಿಟ್ಟುಬಿಡಿ. ಅದರಲ್ಲಿ ಸ್ವಾಪ್ ಓಡಾಟದ ಅಂಕಿಗಳು ಮೆಷಿನ್ ಬೂಟ್ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ, ಈಗಿನ ಸ್ಥಿತಿಯಲ್ಲ. ಎರಡನೆಯದರಿಂದ ಎಸ್‌ಐ, ಎಸ್‌ಒ ಎಂಬ ಎರಡು ಕಾಲಮ್ ನೋಡಿ. ಎಸ್‌ಐ ಅಂದರೆ ಸ್ವಾಪಿನಿಂದ ರ‍್ಯಾಮಿಗೆ ಬಂದದ್ದು. ಎಸ್‌ಒ ಅಂದರೆ ರ‍್ಯಾಮಿನಿಂದ ಸ್ವಾಪಿಗೆ ಹೋದದ್ದು. ಎರಡೂ ಸೊನ್ನೆಯ ಆಸುಪಾಸಿನಲ್ಲಿದ್ದರೆ ಆರಾಮಾಗಿರಿ. ಎರಡೂ ಸಾಲು ಸಾಲಾಗಿ ನೂರು, ಸಾವಿರಗಳಲ್ಲಿ ಕುಣಿಯುತ್ತಿದ್ದರೆ ಮೆಷಿನ್ ಕೆಲಸ ಮಾಡುವುದು ಬಿಟ್ಟು ಪುಟಗಳನ್ನು ಹೊತ್ತು ತಿರುಗುತ್ತಿದೆ. ಅವತ್ತು ರಾತ್ರಿ ನಾನು ಈ ಒಂದು ಕಮಾಂಡ್ ಹಾಕಿದ್ದರೆ ಎರಡು ಸೊನ್ನೆ ಕಾಣುತ್ತಿದ್ದವು, ಡೇಟಾಬೇಸ್ ಮುಟ್ಟುತ್ತಲೇ ಇರಲಿಲ್ಲ.

2018ರ ಕರ್ನಲ್ 4.20ರಿಂದ ಇನ್ನೂ ನೇರವಾದ ಅಳತೆ ಇದೆ:

ಕ್ಯಾಟ್ /ಪ್ರಾಕ್/ಪ್ರೆಶರ್/ಮೆಮೊರಿ

ಮೆಮೊರಿಗಾಗಿ ಕಾಯುತ್ತಾ ಪ್ರೋಗ್ರಾಮುಗಳು ಎಷ್ಟು ಶೇಕಡಾ ಸಮಯ ಕಳೆದವು ಅಂತ ಇದು ಹೇಳುತ್ತದೆ. ಕಳೆದ 10, 60, 300 ಸೆಕೆಂಡುಗಳ ಸರಾಸರಿ ಬರುತ್ತದೆ. "ಸಮ್" ಸಾಲು ಒಂದಾದರೂ ಕೆಲಸ ಕಾದ ಹೊತ್ತು. "ಫುಲ್" ಸಾಲು ಮಾಡಬೇಕಾದ ಕೆಲಸಗಳೆಲ್ಲ ಒಟ್ಟಿಗೆ ಕಾದು ನಿಂತ ಹೊತ್ತು. ಫುಲ್ ಸೊನ್ನೆ ಬಿಟ್ಟು ಮೇಲೇರುತ್ತಾ ಇದ್ದರೆ ಅದು ನಿಜವಾದ ಕೊರತೆ. ಕೆಲವು ವ್ಯವಸ್ಥೆಗಳಲ್ಲಿ ಇದನ್ನು ಆಫ್ ಮಾಡಿಟ್ಟಿರುತ್ತಾರೆ. ಕಡತ ಕಾಣದಿದ್ದರೆ ವಿಎಂಸ್ಟ್ಯಾಟ್ ಸಾಕು.

ಯಾರು ತಿಂದರು?

ಕೊರತೆ ಖಾತ್ರಿಯಾದ ಮೇಲೆ ಆರೋಪಿಯನ್ನು ಹುಡುಕಬೇಕು ಅಲ್ವಾ? ಹೀಗೆ ಹುಡುಕಿ:

ಪಿಎಸ್ ಎಯುಎಕ್ಸ್ --ಸಾರ್ಟ್=-%ಮೆಮ್ | ಹೆಡ್

ಸಾರ್ಟ್ ಮುಂದೆ ಎರಡು ಅಡ್ಡಗೆರೆ, ಸಮ ಚಿಹ್ನೆಯ ನಂತರ ಒಂದು ಅಡ್ಡಗೆರೆ, ಆಮೇಲೆ ಶೇಕಡಾ ಚಿಹ್ನೆ. ಆ ಅಡ್ಡಗೆರೆ ಬಿಟ್ಟರೆ ಸಾಲು ತಿರುಗಿ, ಅತಿ ಕಡಿಮೆ ತಿನ್ನುವವರು ಮೇಲೆ ಬರುತ್ತಾರೆ. ಕೂತು ನೋಡಬೇಕೆಂದರೆ ಟಾಪ್ ಅಂತ ಟೈಪ್ ಮಾಡಿ, ತೆರೆದ ಮೇಲೆ ಶಿಫ್ಟ್ ಹಿಡಿದು ಎಂ ಒತ್ತಿ. ಹೊರಬರಲು ಕ್ಯೂ.

ಇಲ್ಲಿ ಎರಡು ಅಂಕಿಗಳು ಮೋಸ ಮಾಡುತ್ತವೆ. ವರ್ಟ್ ಅಥವಾ ವಿಎಸ್‌ಝಡ್ ಕಾಲಮ್ಮಿನಲ್ಲಿ ಒಂದು ಬ್ರೌಸರ್ ಹತ್ತಾರು ಜಿಬಿ, ಕೆಲವೊಮ್ಮೆ ಇನ್ನೂ ಜಾಸ್ತಿ ತೋರಿಸಬಹುದು. ಅದು ಪ್ರೋಗ್ರಾಂ ಕಾಯ್ದಿರಿಸಿದ ವಿಳಾಸಗಳ ಲೆಕ್ಕ, ನಿಜವಾದ ರ‍್ಯಾಮ್ ಅಲ್ಲ. ನೋಡಬೇಕಾದದ್ದು ರೆಸ್ ಅಥವಾ ಆರ್‌ಎಸ್‌ಎಸ್. ಆದರೆ ಅದನ್ನೂ ಕಣ್ಮುಚ್ಚಿ ಕೂಡಿಸಬೇಡಿ. ಹತ್ತು ಪ್ರೋಗ್ರಾಮುಗಳು ಒಂದೇ ಲೈಬ್ರರಿಯನ್ನು ಹಂಚಿಕೊಂಡಿದ್ದರೂ ಹತ್ತರ ಲೆಕ್ಕದಲ್ಲೂ ಅದು ಪೂರ್ತಿಯಾಗಿ ಸೇರುತ್ತದೆ. ಎಲ್ಲ ಕೂಡಿಸಿದರೆ ಮೆಷಿನ್ನಿನಲ್ಲಿರುವ ರ‍್ಯಾಮಿಗಿಂತ ಹೆಚ್ಚು ಬಂದರೂ ಬರಬಹುದು. ಹಂಚಿಕೆಯ ಪಾಲನ್ನು ಸರಿಯಾಗಿ ಭಾಗ ಮಾಡಿದ ಲೆಕ್ಕಕ್ಕೆ ಪಿಎಸ್‌ಎಸ್ ಅನ್ನುತ್ತಾರೆ. ಸ್ಮೆಮ್ ಎಂಬ ಸಣ್ಣ ಸಾಧನ ಹಾಕಿಕೊಂಡರೆ ಅದು ಸಿಗುತ್ತದೆ.

ಪ್ರೋಗ್ರಾಂ ತಾನಾಗಿಯೇ ಸತ್ತು ಬಿದ್ದಿದ್ದರೆ, ಕರ್ನಲ್ಲೇ ಕೊಂದಿತಾ ಅಂತ ನೋಡಿ. ಎಲ್ಲೂ ಮೆಮೊರಿ ಹುಟ್ಟದಿದ್ದಾಗ ಕರ್ನಲ್ ಒಂದು ಪ್ರೋಗ್ರಾಮನ್ನು ಆರಿಸಿ ಬಲಿ ಕೊಡುತ್ತದೆ. ಹೆಚ್ಚು ಮೆಮೊರಿ ಹಿಡಿದವರೇ ಸಾಮಾನ್ಯವಾಗಿ ಬಲಿ, ತಪ್ಪು ಯಾರದೇ ಇರಲಿ.

ಸುಡೊ ಡಿಮೆಸ್ಜ್ -ಟಿ | ಗ್ರೆಪ್ -ಐ "ಔಟ್ ಆಫ್ ಮೆಮೊರಿ"

ಡಿ ಎಂ ಇ ಎಸ್ ಜಿ, ಅಡ್ಡಗೆರೆಯ ನಂತರ ದೊಡ್ಡ ಟಿ. ಆ ಟಿ ಇದ್ದರೆ ಗಂಟೆ, ದಿನಾಂಕ ಓದುವಂತೆ ಬರುತ್ತದೆ. ಉತ್ತರದಲ್ಲಿ ಸತ್ತ ಪ್ರೋಗ್ರಾಮಿನ ಹೆಸರು, ಸಂಖ್ಯೆ ಎರಡೂ ಇರುತ್ತವೆ.

ನಿಧಾನವಾಗಿ ಸೋರುವ ಮೆಮೊರಿ ಒಂದೇ ನೋಟಕ್ಕೆ ಸಿಗುವುದಿಲ್ಲ. ಗಂಟೆಗಟ್ಟಲೆ ಬರೆದಿಟ್ಟುಕೊಳ್ಳಬೇಕು. ಕಣ್ಣೆದುರು ನೋಡುವುದಾದರೆ "ವಾಚ್ -ಎನ್ 2 ಫ್ರೀ -ಎಚ್" ಎರಡು ಸೆಕೆಂಡಿಗೊಮ್ಮೆ ಹೊಸ ಅಂಕಿ ತೋರಿಸುತ್ತದೆ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ. ರಾತ್ರಿಯಿಡೀ ದಾಖಲೆ ಬೇಕಾದರೆ ಸಿಸ್‌ಸ್ಟ್ಯಾಟ್ ಪ್ಯಾಕೇಜ್ ಹಾಕಿಕೊಂಡು "ಸಾರ್ -ಆರ್ 60" ಓಡಿಸಿ. ಪ್ರತಿ ನಿಮಿಷಕ್ಕೊಂದು ಸಾಲು, ಪ್ರತಿ ಸಾಲಿಗೂ ಸಮಯ. ಅದರಲ್ಲಿ ಕೆಬಿಅವೇಲ್ ಕಾಲಮ್ ಒಂದೇ ಸಮನೆ ಇಳಿಯುತ್ತಾ, ಎಂದೂ ಮೇಲೇಳದಿದ್ದರೆ ಸೋರಿಕೆ ಇದೆ.

ಕ್ಯಾಶ್ ಖಾಲಿ ಮಾಡುವ ಉಪದೇಶದ ಬಗ್ಗೆಯೂ ಹೇಳಿಬಿಡುತ್ತೇನೆ. ಡ್ರಾಪ್_ಕ್ಯಾಶಸ್ ಎಂಬ ಕಡತಕ್ಕೆ 3 ಅಂತ ಬರೆದರೆ ಫ್ರೀ ಕಾಲಮ್ ದಿಢೀರನೆ ಉಬ್ಬುತ್ತದೆ. ನೋಡಲು ಖುಷಿ. ಆದರೆ ಅವೈಲಬಲ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಮೆಷಿನ್ ಮಾತ್ರ ಸ್ವಲ್ಪ ಹೊತ್ತು ನಿಧಾನವಾಗುತ್ತದೆ, ಏಕೆಂದರೆ ಎಲ್ಲವನ್ನೂ ಮತ್ತೆ ಡಿಸ್ಕಿನಿಂದ ತರಬೇಕು. ವೇಗ ಅಳೆಯುವ ಪರೀಕ್ಷೆಗೆ ಮುಂಚೆ ಇದು ಬೇಕಾಗಬಹುದು. ಗಂಟೆಗೊಮ್ಮೆ ತಾನಾಗಿ ಓಡುವಂತೆ ಇಟ್ಟಿರುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ವಿಂಡೋಸ್

ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಅಂತ ಹುಡುಕಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಹಳೆಯ ಡಾಸ್ ಬಳಸಿದವರಿಗೆ ಮೆಮ್ ಎಂಬ ಕಮಾಂಡ್ ನೆನಪಿರಬಹುದು, 640 ಕೆಬಿಯಲ್ಲಿ ಎಷ್ಟು ಉಳಿದಿದೆ ಅಂತ ಪದೇ ಪದೇ ನೋಡುತ್ತಿದ್ದ ಕಾಲ. 64 ಬಿಟ್ ವಿಂಡೋಸಿನಲ್ಲಿ ಅದಿಲ್ಲ. ಈಗಿನ ಸುಲಭ ದಾರಿ:

ಸಿಸ್ಟಮ್‌ಇನ್ಫೋ | ಫೈಂಡ್ /ಐ "ಮೆಮೊರಿ"

ನಾಲ್ಕಾರು ಸೆಕೆಂಡು ಕಾಯಬೇಕು, ಏಕೆಂದರೆ ಅದು ಮೆಷಿನ್ನಿನ ಇಡೀ ಜಾತಕ ಬಿಡಿಸಿ ಆಮೇಲೆ ಮೆಮೊರಿ ಸಾಲುಗಳನ್ನು ಹೆಕ್ಕುತ್ತದೆ. ಒಟ್ಟು ಫಿಸಿಕಲ್ ಮೆಮೊರಿ, ಉಳಿದ ಫಿಸಿಕಲ್ ಮೆಮೊರಿ, ಅದರ ಕೆಳಗೆ ವರ್ಚುವಲ್ ಮೆಮೊರಿಯ ಮೂರು ಸಾಲು. ಇಲ್ಲೂ ಅವೈಲಬಲ್ ಅನ್ನುವುದು ಬರೀ ಖಾಲಿ ಮೆಮೊರಿಯಲ್ಲ. ವಿಂಡೋಸ್ ಕೂಡ ಬಳಸಿದ ಪುಟಗಳನ್ನು ಸ್ಟ್ಯಾಂಡ್‌ಬೈ ಎಂಬ ಸಾಲಿನಲ್ಲಿ ಇಟ್ಟುಕೊಂಡಿರುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಅವೈಲಬಲ್ ಅಂಕಿಯಲ್ಲಿ ಅದೂ ಸೇರಿದೆ.

ವರ್ಚುವಲ್ ಸಾಲುಗಳನ್ನು ಹಾರಿಸಬೇಡಿ. ರ‍್ಯಾಮ್ ಮತ್ತು ಪೇಜ್‌ಫೈಲ್ (ವಿಂಡೋಸಿನ ಸ್ವಾಪ್) ಕೂಡಿದರೆ ಬರುವ ಮಿತಿ ಅದು. ಪ್ರೋಗ್ರಾಂ ಮೆಮೊರಿ ಕೇಳಿದಾಗ ವಿಂಡೋಸ್ ಈ ಮಿತಿಯೊಳಗೆ ಮಾತ್ರ ಮಾತು ಕೊಡುತ್ತದೆ. ಫಿಸಿಕಲ್ ಮೆಮೊರಿ ಎರಡು ಜಿಬಿ ಉಳಿದಿದ್ದರೂ ಈ ಮಿತಿ ಮುಗಿದಿದ್ದರೆ "ಮೆಮೊರಿ ಸಾಲದು" ಅನ್ನುವ ಸಂದೇಶ ಬರುತ್ತದೆ. ಪೇಜ್‌ಫೈಲನ್ನು ಪೂರ್ತಿ ಆಫ್ ಮಾಡಿದವರಿಗೆ ಈ ಒಗಟು ಹೆಚ್ಚಾಗಿ ಎದುರಾಗುತ್ತದೆ.

ಪವರ್‌ಶೆಲ್ ಬಳಸುವವರಿಗೆ ಒಂದೇ ಅಂಕಿ ಸಾಕಾದರೆ:

(ಗೆಟ್-ಸಿಮ್‌ಇನ್‌ಸ್ಟನ್ಸ್ ವಿನ್32_ಆಪರೇಟಿಂಗ್‌ಸಿಸ್ಟಮ್).ಫ್ರೀಫಿಸಿಕಲ್‌ಮೆಮೊರಿ / 1ಎಂಬಿ

ಕೊನೆಯಲ್ಲಿರುವ 1ಎಂಬಿ ಒಂದು ಚಿಕ್ಕ ಜಾಣತನ. ಪವರ್‌ಶೆಲ್ಲಿಗೆ 1ಎಂಬಿ ಅಂದರೆ 10,48,576 ಎಂಬ ಸಂಖ್ಯೆ. ಈ ಕಮಾಂಡ್ ಕೊಡುವ ಅಂಕಿ ಕೆಬಿಯಲ್ಲಿರುತ್ತದೆ. ಕೆಬಿಯನ್ನು ಅದರಿಂದ ಭಾಗಿಸಿದರೆ ನೇರ ಜಿಬಿ. 62,91,456 ಬಂದಿದ್ದರೆ ಉತ್ತರ ಸರಿಯಾಗಿ 6. ಹೆಸರಿನಲ್ಲಿ ಫ್ರೀ ಅಂತಿದ್ದರೂ ಇದು ಕೊಡುವುದು ಅವೈಲಬಲ್ ಅರ್ಥದ ಅಂಕಿಯನ್ನೇ. ಲಿನಕ್ಸಿನಿಂದ ಬಂದವರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ.

ಹಳೆಯ ಬರಹಗಳಲ್ಲಿ ಡಬ್ಲ್ಯುಎಂಐಸಿ ಅನ್ನುವ ಕಮಾಂಡ್ ಕಾಣಬಹುದು. ಮೈಕ್ರೋಸಾಫ್ಟ್ ಅದನ್ನು ಕೈಬಿಡುತ್ತಿದೆ, ಹೊಸ ವಿಂಡೋಸ್ 11ರಲ್ಲಿ ಇಲ್ಲದೆಯೂ ಇರಬಹುದು. ಅದನ್ನು ಹೊಸದಾಗಿ ಕಲಿಯುವುದು ಬೇಡ.

ಸೆಕೆಂಡಿಗೊಮ್ಮೆ ನೋಡಲು ಕಮಾಂಡ್ ಪ್ರಾಂಪ್ಟಿನಲ್ಲಿ:

ಟೈಪ್‌ಪರ್ಫ್ "\ಮೆಮೊರಿ\ಅವೈಲಬಲ್ ಎಂಬೈಟ್ಸ್" -ಎಸ್‌ಸಿ 10

ಟಿ ವೈ ಪಿ ಇ ಪಿ ಇ ಆರ್ ಎಫ್. ಎಂಬೈಟ್ಸ್ ಅನ್ನುವುದು ಎಂ ಬಿ ವೈ ಟಿ ಇ ಎಸ್. ಹತ್ತು ಸಲ ಅಂಕಿ ಕೊಟ್ಟು ತಾನಾಗಿ ನಿಲ್ಲುತ್ತದೆ. ಇನ್ನು ಯಾರು ತಿಂದರು ಅಂತ ನೋಡಲು ಪವರ್‌ಶೆಲ್ಲಿನಲ್ಲಿ:

ಗೆಟ್-ಪ್ರೋಸೆಸ್ | ಸಾರ್ಟ್-ಆಬ್ಜೆಕ್ಟ್ ಡಬ್ಲ್ಯುಎಸ್ -ಡಿಸೆಂಡಿಂಗ್ | ಸೆಲೆಕ್ಟ್-ಆಬ್ಜೆಕ್ಟ್ -ಫಸ್ಟ್ 10

ಪಟ್ಟಿಯಲ್ಲಿ ಮೆಮೊರಿ ಕಂಪ್ರೆಶನ್ ಎಂಬ ಹೆಸರು ಕಂಡರೆ ಅದನ್ನು ಆರೋಪಿ ಅಂತ ಹಿಡಿಯಬೇಡಿ. ವಿಂಡೋಸ್ ಅಲ್ಲಿ ಬೇರೆಯವರ ಪುಟಗಳನ್ನು ಅದುಮಿ ಇಟ್ಟಿರುತ್ತದೆ. ವಿಎಂಮೆಮ್ ಎಂಬ ಹೆಸರು ದೊಡ್ಡದಾಗಿ ಕಂಡರೆ ಅದು ವಿಂಡೋಸಿನೊಳಗೆ ಓಡುವ ಲಿನಕ್ಸಿನ ಪಾಲಾಗಿರಬಹುದು. ಆ ಲಿನಕ್ಸಿನ ಒಳಗೆ ಫ್ರೀ -ಎಚ್ ಹಾಕಿದರೆ ಅದಕ್ಕೆ ಕೊಟ್ಟ ಪಾಲು ಮಾತ್ರ ಟೋಟಲ್ ಅಂತ ಕಾಣುತ್ತದೆ. ಸಾಮಾನ್ಯವಾಗಿ ಇರುವ ರ‍್ಯಾಮಿನ ಅರ್ಧ.

ಮ್ಯಾಕ್

ಮ್ಯಾಕಿನಲ್ಲಿ ಫ್ರೀ ಕಮಾಂಡ್ ಇಲ್ಲ. ಒಟ್ಟು ಎಷ್ಟಿದೆ ಅನ್ನಲು "ಸಿಸ್‌ಸಿಟಿಎಲ್ ಎಚ್‌ಡಬ್ಲ್ಯು.ಮೆಮ್‌ಸೈಝ್". ಉತ್ತರ ಬೈಟುಗಳಲ್ಲಿ. ಉಳಿದ ವಿವರಕ್ಕೆ:

ವಿಎಂ_ಸ್ಟ್ಯಾಟ್

ಲಿನಕ್ಸಿನದಕ್ಕೂ ಇದಕ್ಕೂ ಹೆಸರಿನಲ್ಲಿ ಇರುವ ವ್ಯತ್ಯಾಸ ನಡುವಿನ ಅಡಿಗೆರೆ. ಬರುವುದು ಪುಟಗಳ ಎಣಿಕೆ, ಎಂಬಿ ಅಲ್ಲ. ಒಂದು ಪುಟ ಎಷ್ಟು ದೊಡ್ಡದು ಅಂತ ಮೊದಲ ಸಾಲಿನಲ್ಲೇ ಬರೆದಿರುತ್ತದೆ. ಆಪಲ್‌ನದೇ ಚಿಪ್ ಇರುವ ಮ್ಯಾಕಿನಲ್ಲಿ 16,384 ಬೈಟ್, ಇಂಟೆಲ್ ಮ್ಯಾಕಿನಲ್ಲಿ 4,096 ಬೈಟ್. ಮೊದಲನೆಯದಾದರೆ ಪುಟಗಳನ್ನು 64ರಿಂದ, ಎರಡನೆಯದಾದರೆ 256ರಿಂದ ಭಾಗಿಸಿ, ಎಂಬಿ ಸಿಗುತ್ತದೆ. ಆಪಲ್ ಚಿಪ್ಪಿನಲ್ಲಿ 12,000 ಫ್ರೀ ಪುಟ ಅಂದರೆ 187.5 ಎಂಬಿ. ಹಳೆಯ ಲೇಖನ ನೋಡಿ ಎಲ್ಲದಕ್ಕೂ 4,096 ಅಂತ ಗುಣಿಸಿದರೆ ಇದ್ದದ್ದರ ಕಾಲು ಭಾಗ ಮಾತ್ರ ತೋರುತ್ತದೆ.

ಆದರೂ ಈ ಕೂಡಿಸಾಟದ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. 2013ರ ಮ್ಯಾವರಿಕ್ಸ್ ಆವೃತ್ತಿಯಿಂದ ಮ್ಯಾಕ್ ಪುಟಗಳನ್ನು ಅದುಮಿ ಇಡುತ್ತದೆ. ಯಾವುದು ಎಷ್ಟಕ್ಕೆ ಕುಗ್ಗೀತು ಅಂತ ಹೊರಗಿನಿಂದ ಲೆಕ್ಕ ಹಾಕುವುದು ಕಷ್ಟ. "ಮೆಮೊರಿ_ಪ್ರೆಶರ್" ಅಂತ ಟೈಪ್ ಮಾಡಿದರೆ ಕೊನೆಯ ಸಾಲಿನಲ್ಲಿ ಇಡೀ ವ್ಯವಸ್ಥೆಯಲ್ಲಿ ಶೇಕಡಾ ಎಷ್ಟು ಬಿಡುವಿದೆ ಅಂತ ಹೇಳುತ್ತದೆ. ಜೊತೆಗೆ "ಸಿಸ್‌ಸಿಟಿಎಲ್ ವಿಎಂ.ಸ್ವಾಪ್‌ಯೂಸೇಜ್" ಸ್ವಾಪ್ ಎಷ್ಟು ಬಳಕೆಯಾಗಿದೆ ಅನ್ನುತ್ತದೆ. ಯಾರು ತಿಂದರು ಅನ್ನಲು "ಟಾಪ್ -ಒ ಮೆಮ್". ದಿನನಿತ್ಯಕ್ಕೆ ಈ ಮೂರು ಸಾಕು.

ಚಿಪ್ ಎಷ್ಟು, ಸ್ಲಾಟ್ ಎಷ್ಟು?

ರ‍್ಯಾಮ್ ಸೇರಿಸುವ ಯೋಚನೆ ಇದ್ದರೆ ಮೆಷಿನ್ ಬಿಚ್ಚದೆ ಒಳಗೆ ಏನಿದೆ ಅಂತ ತಿಳಿಯಬಹುದು. ಲಿನಕ್ಸಿನಲ್ಲಿ "ಸುಡೊ ಡಿಎಂಐಡಿಕೋಡ್ -ಟಿ ಮೆಮೊರಿ". ಪ್ರತಿ ಸ್ಲಾಟಿಗೂ ಅಳತೆ, ವೇಗ, ಜಾಗದ ಹೆಸರು ಬರುತ್ತದೆ. ಖಾಲಿ ಸ್ಲಾಟಿನಲ್ಲಿ "ನೋ ಮಾಡ್ಯೂಲ್ ಇನ್‌ಸ್ಟಾಲ್ಡ್" ಅಂತಿರುತ್ತದೆ. ಪವರ್‌ಶೆಲ್ಲಿನಲ್ಲಿ, ಹಾಕಿರುವ ಚಿಪ್ಪುಗಳ ವಿವರಕ್ಕೆ "ಗೆಟ್-ಸಿಮ್‌ಇನ್‌ಸ್ಟನ್ಸ್ ವಿನ್32_ಫಿಸಿಕಲ್‌ಮೆಮೊರಿ". ಮ್ಯಾಕಿನಲ್ಲಿ "ಸಿಸ್ಟಮ್_ಪ್ರೊಫೈಲರ್ ಎಸ್‌ಪಿಮೆಮೊರಿಡೇಟಾಟೈಪ್". ವರ್ಚುವಲ್ ಮೆಷಿನ್ನಿನಲ್ಲಿ ಈ ಉತ್ತರಗಳಿಗೆ ಬೆಲೆಯಿಲ್ಲ. ಅಲ್ಲಿರುವ ಸ್ಲಾಟುಗಳೇ ಕಾಲ್ಪನಿಕ.

ಕಂಟೇನರ್ ಒಳಗಿದ್ದರೆ

ಒಂದೇ ಮೆಷಿನ್ನಿನಲ್ಲಿ ಪ್ರೋಗ್ರಾಮನ್ನು ಬೇರ್ಪಡಿಸಿ ಓಡಿಸುವ ಡಬ್ಬಿ ಕಂಟೇನರ್, ಅದನ್ನು ನಡೆಸುವ ಒಂದು ಸಾಧನ ಡಾಕರ್. ಇಲ್ಲಿ ಬಲ್ಲವರೂ ಎಡವುತ್ತಾರೆ. ಡಾಕರ್ ಕಂಟೇನರಿನ ಒಳಗೆ ಹೋಗಿ ಫ್ರೀ -ಎಚ್ ಹಾಕಿದರೆ 64 ಜಿಬಿ ಟೋಟಲ್, 40 ಜಿಬಿ ಅವೈಲಬಲ್ ಅಂತ ಕಾಣಬಹುದು. ನಿಮ್ಮ ಪ್ರೋಗ್ರಾಂ ಮಾತ್ರ 512 ಎಂಬಿ ದಾಟುತ್ತಿದ್ದ ಹಾಗೆ ಸಾಯುತ್ತಿರುತ್ತದೆ. ಫ್ರೀ ಓದುವುದು /ಪ್ರಾಕ್/ಮೆಮ್‌ಇನ್ಫೋ ಕಡತವನ್ನು ಅಂತ ಆಗಲೇ ಹೇಳಿದೆನಲ್ಲ, ಸಾಮಾನ್ಯವಾಗಿ ಕಂಟೇನರಿನ ಒಳಗೂ ಅದು ಹೊರಗಿನ ಇಡೀ ಮೆಷಿನ್ನಿನ ಲೆಕ್ಕವನ್ನೇ ತೋರಿಸುತ್ತದೆ. ಕಂಟೇನರಿಗೆ ಹಾಕಿದ ಬೇಲಿ ಅದಕ್ಕೆ ಕಾಣುವುದಿಲ್ಲ. ಬೇಲಿ ಇರುವುದು ಸಿಗ್ರೂಪ್ ಎಂಬ ಬೇರೆ ಜಾಗದಲ್ಲಿ:

ಕ್ಯಾಟ್ /ಸಿಸ್/ಎಫ್‌ಎಸ್/ಸಿಗ್ರೂಪ್/ಮೆಮೊರಿ.ಮ್ಯಾಕ್ಸ್
ಕ್ಯಾಟ್ /ಸಿಸ್/ಎಫ್‌ಎಸ್/ಸಿಗ್ರೂಪ್/ಮೆಮೊರಿ.ಕರೆಂಟ್

ಮೊದಲನೆಯದು ಮಿತಿ, ಬೈಟುಗಳಲ್ಲಿ. 53,68,70,912 ಅಂತ ಬಂದರೆ 512 ಎಂಬಿ. ಅಂಕಿಯ ಬದಲು ಮ್ಯಾಕ್ಸ್ ಅಂತ ಬಂದರೆ ಮಿತಿ ಹಾಕಿಲ್ಲ. ಎರಡನೆಯದು ಈಗಿನ ಬಳಕೆ. ಸಿಗ್ರೂಪಿನ ಹಳೆಯ ಮೊದಲ ಆವೃತ್ತಿ ಇರುವ ಮೆಷಿನ್ನಿನಲ್ಲಿ ಈ ಕಡತಗಳು ಇರುವುದಿಲ್ಲ. ಅಲ್ಲಿ ಮೆಮೊರಿ ಎಂಬ ಒಳಗಿನ ಫೋಲ್ಡರಿನಲ್ಲಿ ಮೆಮೊರಿ.ಲಿಮಿಟ್_ಇನ್_ಬೈಟ್ಸ್ ಹುಡುಕಿ.

ಮಿತಿಯಿಂದ ಬಳಕೆ ಕಳೆದರೆ ಉಳಿದದ್ದು ಅಂತ ಹೇಳುವ ಹಾಗೂ ಇಲ್ಲ. ಮೆಮೊರಿ.ಕರೆಂಟ್ ಅಂಕಿಯಲ್ಲಿ ಪೇಜ್ ಕ್ಯಾಶ್ ಕೂಡ ಸೇರಿರುತ್ತದೆ, ಕುರ್ಚಿಯಲ್ಲಿ ಕೂತ ಅದೇ ಸಂಭಾವಿತ. ಹಾಗಾಗಿ ಬಳಕೆ ಮಿತಿಗೆ ತಾಗಿಕೊಂಡೇ ಇದ್ದರೂ ಕಂಟೇನರ್ ಆರಾಮಾಗಿ ಓಡುತ್ತಿರಬಹುದು. ಪಾಲು ಬಿಡಿಸಿ ನೋಡಲು ಅದೇ ಫೋಲ್ಡರಿನ ಮೆಮೊರಿ.ಸ್ಟ್ಯಾಟ್ ತೆರೆದು ಅನಾನ್, ಫೈಲ್ ಎಂಬ ಎರಡು ಸಾಲು ಓದಿ. ಅನಾನ್ ನಿಮ್ಮ ಪ್ರೋಗ್ರಾಂ ನಿಜವಾಗಿ ಹಿಡಿದದ್ದು. ಫೈಲ್ ಕ್ಯಾಶಿನದು. ಅನಾನ್ ಮಿತಿಯ ಹತ್ತಿರ ಬಂದರೆ ಮಿತಿ ಏರಿಸಿ, ಇಲ್ಲವೇ ಪ್ರೋಗ್ರಾಮಿನ ಹಸಿವು ಇಳಿಸಿ. ಈಗಾಗಲೇ ಎಷ್ಟು ಸಲ ಸತ್ತಿದೆ ಅಂತ ಗೊತ್ತಾಗಬೇಕಾದರೆ ಮೆಮೊರಿ.ಇವೆಂಟ್ಸ್ ಕಡತದಲ್ಲಿ ಊಮ್_ಕಿಲ್ ಸಾಲು ನೋಡಿ. ಒ ಒ ಎಂ, ಅಡಿಗೆರೆ, ಕೆ ಐ ಎಲ್ ಎಲ್. ಅದರ ಮುಂದೆ ಸೊನ್ನೆ ಇದ್ದರೆ ಕೊಂದದ್ದು ಈ ಬೇಲಿಯಲ್ಲ. ಆಗ ಹೊರಗಿನ ಮೆಷಿನ್ನಿಗೆ ಹೋಗಿ ಡಿಮೆಸ್ಜ್ ಓದಿ.